ಮಳೆಗಾಲದ ದಾರಿಗೊಂದು ಗಾಡಿ: ಮಲೆನಾಡಿನಲ್ಲಿ ಕೊಳ್ಳುವುದು, ಕಾಪಾಡುವುದು, ರಿಪೇರಿ ಮಾಡಿಸುವುದು

ಗಾಡಿ ಕೊಳ್ಳುವ ಯೋಚನೆಯಲ್ಲಿರುವವರು ಸಲಹೆ ಕೇಳಿಕೊಂಡು ಬಂದರೆ ನಾನು ಮೊದಲು ಅವರ ಮನೆಯ ದಾರಿಯನ್ನು ನೋಡಲು ಹೋಗುತ್ತೇನೆ. ಸಾಧ್ಯವಾದರೆ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಬಿಡದೆ ಹಿಡಿದಿರುವ ದಿನವೇ ಹೋಗುತ್ತೇನೆ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೆ ಯಾವ ಕಾರಾದರೂ ಬರುತ್ತದೆ. ಅಲ್ಲಿಂದ ಮುಂದೆ ಮೇಗರವಳ್ಳಿಗೂ ಬರುತ್ತದೆ. ಟಾರು ಬಿಟ್ಟು ಮಣ್ಣಿಗೆ ಇಳಿದು ಅಂಗಳ ಮುಟ್ಟುವವರೆಗಿನ ಒಂದೂವರೆ ಎರಡು ಕಿಲೋಮೀಟರಿನಲ್ಲಿ ಗಾಡಿಯ ಯೋಗ್ಯತೆ ತಿಳಿಯುತ್ತದೆ. ನಮ್ಮದು ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅಲ್ಲಿಂದ ತೊಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಶಿವಮೊಗ್ಗ ನಗರಕ್ಕೆ ಅದರ ಸಣ್ಣದೊಂದು ಪಾಲು ಮಾತ್ರ ಬೀಳುತ್ತದೆ. ಶಿಕಾರಿಪುರದ ಕಡೆ ಹದಿನೈದು ವರ್ಷ ಓಡಿಯೂ ಗಟ್ಟಿಯಾಗಿರುವ ಗಾಡಿಯ ಜೊತೆಯದೇ ಇನ್ನೊಂದು, ಮಾಸ್ತಿಕಟ್ಟೆಯ ಕಡೆ ಏಳೆಂಟು ವರ್ಷಕ್ಕೇ ಅಡಿಯಿಂದ ತುಕ್ಕಿನ ಪುಡಿ ಉದುರಿಸುವುದನ್ನು ಕಂಡಿದ್ದೇನೆ. ಆದ್ದರಿಂದ ಬಯಲಿನ ಊರುಗಳಲ್ಲಿ ಕುಳಿತು ಯಾರೋ ಕೊಟ್ಟ ಅಂಕಗಳನ್ನು ನೋಡಿ ಗಾಡಿ ಆರಿಸುವುದು ನಮಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ಮುಂದಿಟ್ಟುಕೊಂಡು ಆರಿಸಿದ ಗಾಡಿ ಉಳಿದ ಎಂಟು ತಿಂಗಳನ್ನು ತಾನಾಗಿಯೇ ನಿಭಾಯಿಸುತ್ತದೆ.

ದಾರಿಯ ಅಳತೆ

ನೆಟ್ಟಗಿರುವ ಒಂದು ಅಡಿಕೆ ದಬ್ಬೆಯನ್ನೂ (ಅಡಿಕೆ ಮರದ ಸೀಳು) ಅಳತೆಯ ಟೇಪನ್ನೂ ತೆಗೆದುಕೊಂಡು ಮನೆಯ ದಾರಿಯಲ್ಲಿ ಒಮ್ಮೆ ನಡೆಯಿರಿ. ಟ್ರ್ಯಾಕ್ಟರ್, ಪಿಕಪ್ ಓಡಾಡುವ ದಾರಿಗಳಲ್ಲಿ ಚಕ್ರದ ಜಾಡುಗಳೆರಡೂ ತಗ್ಗಾಗಿ, ನಡುವೆ ಹುಲ್ಲು ಬೆಳೆದ ದಿಬ್ಬ ಎದ್ದು ನಿಂತಿರುತ್ತದೆ. ಆ ದಿಬ್ಬದ ನೆತ್ತಿಯ ಮೇಲೆ ದಬ್ಬೆಯನ್ನು ಅಡ್ಡಲಾಗಿಟ್ಟು, ಅದರ ಕೆಳ ಅಂಚಿನಿಂದ ಜಾಡಿನ ತಳದವರೆಗೆ ಅಳೆಯಬೇಕು. ಐದಾರು ಕಡೆ ಅಳೆದು, ಎಲ್ಲಕ್ಕಿಂತ ಹೆಚ್ಚು ಬಂದ ಅಳತೆಯನ್ನು ಬರೆದುಕೊಳ್ಳಿ. ಮಳೆಯಲ್ಲಿ ಜಾಡು ಇನ್ನಷ್ಟು ಆಳವಾಗುವುದರಿಂದ ಅದಕ್ಕೆ ಎರಡು ಇಂಚು ಸೇರಿಸಿ. ಐದು ಜನ ಕುಳಿತು ಹಿಂದೆ ಒಂದು ಮೂಟೆ ಹಾಕಿದರೆ ಗಾಡಿ ತಗ್ಗುವುದರಿಂದ ಇನ್ನೊಂದೂವರೆ ಇಂಚು ಸೇರಿಸಿ. ಕಂಪನಿಗಳು ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಅಡಿಯವರೆಗಿನ ಎತ್ತರ, ಸಾಮಾನ್ಯವಾಗಿ ಖಾಲಿ ಗಾಡಿಯ ಅಳತೆಯಾಗಿರುತ್ತದೆ ಎಂಬುದನ್ನು ಮರೆಯಬಾರದು. ನಿಮ್ಮ ಲೆಕ್ಕಕ್ಕೆ ಬಂದ ಅಂಕಿಯನ್ನು ಮೀರುವ ಗಾಡಿ ನಿಮ್ಮ ಹಣದ ಮಿತಿಯಲ್ಲಿ ಸಿಗದಿದ್ದರೆ, ದೊಡ್ಡ ಗಾಡಿಗೆ ಸಾಲ ಮಾಡುವ ಬದಲು ಆ ಹಣದ ಒಂದಂಶದಲ್ಲಿ ಜಾಡಿಗೆ ಜಂಬಿಟ್ಟಿಗೆಯ ಚೂರು ತುಂಬಿಸಿ, ಪಕ್ಕದ ಚರಂಡಿಯನ್ನು ಬಿಡಿಸುವುದು ಲೇಸು. ನೀರು ಚರಂಡಿಯಲ್ಲಿ ಹರಿದರೆ ದಾರಿ ಉಳಿಯುತ್ತದೆ. ದಾರಿ ಉಳಿದರೆ ಸಣ್ಣ ಕಾರೂ ಸಾಕಾಗುತ್ತದೆ.

ಎತ್ತರದಷ್ಟೇ ಮುಖ್ಯವಾದದ್ದು ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದು. ಇಂದಿನ ಬಹುತೇಕ ಸಣ್ಣ ಕಾರುಗಳು ಮುಂದಿನ ಚಕ್ರದಿಂದ ಎಳೆಯುತ್ತವೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರವಾಗುವುದರಿಂದ, ಪಾಚಿ ಹಿಡಿದ ಏರಿನಲ್ಲಿ ಅದು ಇದ್ದಲ್ಲೇ ತಿರುಗುತ್ತದೆ. ಹಾಗೆ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿ ಒತ್ತಿ ಕ್ಲಚ್ ಸುಡುವುದಕ್ಕಿಂತ, ಜಾಗವಿದ್ದರೆ ಗಾಡಿಯನ್ನು ತಿರುಗಿಸಿ ರಿವರ್ಸ್‌ನಲ್ಲಿ ಏರಿಸಿ ನೋಡಿ. ಎಂಜಿನ್ನಿನ ಭಾರವಿರುವ ಎಳೆಯುವ ಚಕ್ರಗಳು ಇಳಿಜಾರಿನ ಕಡೆಗೆ ಬಂದು ಅವುಗಳ ಮೇಲೆ ಭಾರ ಬೀಳುವುದರಿಂದ ಹಲವು ಬಾರಿ ಗಾಡಿ ನಿರಾಯಾಸವಾಗಿ ಏರುತ್ತದೆ. ಹಿಂದಿನ ಚಕ್ರದಿಂದ ತಳ್ಳುವ ಗಾಡಿಗಳ ಕಥೆ ಬೇರೆ. ಅವು ತುಂಬಿದಾಗ ಚೆನ್ನಾಗಿ ಏರುತ್ತವೆ, ಖಾಲಿ ಇದ್ದಾಗ ಹಿಂಭಾಗ ಹಗುರವಾಗಿ ಜಾರುತ್ತವೆ. ನನ್ನ ಮೊದಲ ವ್ಯಾನಿನ ಹಿಂದೆ ಮಳೆಗಾಲವಿಡೀ ಎರಡು ಮರಳಿನ ಚೀಲಗಳು ಇರುತ್ತಿದ್ದವು.

ಮಲೆನಾಡು ಜೀಪನ್ನು ಮೆಚ್ಚಿದ್ದಕ್ಕೆ ನಾಲ್ಕು ಚಕ್ರದ ಎಳೆತವೊಂದೇ ಕಾರಣವಲ್ಲ. ಗಟ್ಟಿಯಾದ ಫ್ರೇಮಿನ ಮೇಲೆ ಬಾಡಿಯನ್ನು ಕೂರಿಸಿರುವುದರಿಂದ ಎಲ್ಲಿ ತುಕ್ಕು ಹಿಡಿದಿದೆ ಎಂದು ಬಗ್ಗಿ ನೋಡಿದರೆ ಕಾಣುತ್ತಿತ್ತು. ಕಂಡದ್ದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಸರಿಪಡಿಸಬಹುದಿತ್ತು. 2000ದಲ್ಲಿ ಬಂದ ಬೊಲೆರೊ ಹಿಂದಿನ ಚಕ್ರದ ಎಳೆತದಲ್ಲೇ ಇಷ್ಟು ವರ್ಷ ನಮ್ಮ ಕಡೆ ನೆಲೆಯೂರಿದ್ದಕ್ಕೂ ಆ ಫ್ರೇಮು, ಹಿಂದಿನ ಲೀಫ್ ಸ್ಪ್ರಿಂಗು, ಮತ್ತು ಯಾವ ಪೇಟೆಯಲ್ಲಾದರೂ ಸಿಗುವ ಬಿಡಿಭಾಗಗಳೇ ಕಾರಣವೆಂದು ನನ್ನ ಅಭಿಪ್ರಾಯ. ಇಂದಿನ ಸಣ್ಣ ಕಾರುಗಳಿಗೆ ಬೇರೆ ಫ್ರೇಮಿಲ್ಲ, ಬಾಡಿಯೇ ಫ್ರೇಮು. ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ಒಳಗಿಂದ ತುಕ್ಕು ತಿಂದರೆ ಹಾಳಾಗುವುದು ಅಂದವೊಂದೇ ಅಲ್ಲ, ಅಪಘಾತದಲ್ಲಿ ಕಾಯಬೇಕಾದ ಬಲವೂ ಹೋಗುತ್ತದೆ.

ಇಂಧನದ ವಿಚಾರದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಾರದು. ದಿನವೂ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದ ಪೇಟೆಗೆ, ಸೊಸೈಟಿಗೆ, ಶಾಲೆಗೆ ಹೋಗಿಬರುವವರು ಹೊಸ ಡೀಸೆಲ್ ಗಾಡಿ ಕೊಳ್ಳಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮಕ್ಕೆ ತಕ್ಕಂತೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹಿಡಿದ ಮಸಿ ಉರಿದು ಬೂದಿಯಾಗಬೇಕಾದರೆ ಆ ಜಾಲರಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಅದಕ್ಕೆ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಎರಡನೇ ಗೇರಿನಲ್ಲೇ ಮುಗಿದುಹೋಗುವ ನಮ್ಮ ಓಡಾಟದಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ ಅದಕ್ಕೆಂದು ಚಿಮ್ಮಿಸಿದ ಡೀಸೆಲ್ಲಿನ ಸ್ವಲ್ಪ ಭಾಗ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿರುವುದು ಕಂಡರೆ ಕಾರಣ ಇದಿರಬಹುದು. ತಡಮಾಡದೆ ಆಯಿಲ್ ಬದಲಾಯಿಸಬೇಕು. ಈಗಾಗಲೇ ಇಂಥ ಗಾಡಿ ಇರುವವರು ವಾರಕ್ಕೊಮ್ಮೆಯಾದರೂ ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ಹೆದ್ದಾರಿಯ ಓಟ ಕೊಡಬೇಕು. ತಿಂಗಳಿಗೆ ಹತ್ತು ಬಾರಿ ಮಂಗಳೂರಿಗೋ ಬೆಂಗಳೂರಿಗೋ ಹೋಗುವವರಿಗೆ ಮಾತ್ರ ಡೀಸೆಲ್ ಈಗಲೂ ಒಳ್ಳೆಯ ಆಯ್ಕೆ.

ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಎಎಂಟಿ ಗಾಡಿಗಳಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗೆ ಅದೇ ಕ್ಲಚ್ ಪ್ಲೇಟು ಇರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆಯೇ ಗಾಡಿಯನ್ನು ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ. ಬ್ರೇಕಿನಿಂದಲೇ ನಿಲ್ಲಿಸಿ, ಮ್ಯಾನುಯಲ್ ಮೋಡಿನಲ್ಲಿ ಮೊದಲ ಗೇರು ಹಿಡಿದು ಹೊರಡುವ ಅಭ್ಯಾಸ ಮಾಡಿಕೊಳ್ಳಬೇಕು. ವಿದ್ಯುತ್ ಗಾಡಿಗಳು ಘಟ್ಟ ಇಳಿಯುವಾಗ ಮೋಟಾರಿನಿಂದಲೇ ವೇಗ ತಡೆದು ಬ್ಯಾಟರಿಯನ್ನು ತುಂಬಿಕೊಳ್ಳುವುದು ನಮ್ಮ ಸೀಮೆಗೆ ಹೇಳಿ ಮಾಡಿಸಿದ ಗುಣ. ಆದರೆ ಆಗುಂಬೆಯ ನೆತ್ತಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ತಡೆ ಕಡಿಮೆಯಾಗುತ್ತದೆ ಎಂಬುದನ್ನೂ, ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವ ನಮ್ಮ ಜುಲೈ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ವಿದ್ಯುತ್ ಕಾರನ್ನು ಧೈರ್ಯವಾಗಿ ಕೊಳ್ಳಿ. ಸನ್‌ರೂಫ್ ಬೇಡ. ಅದರ ಮೂಲೆಗಳಲ್ಲಿ ನೀರಿಳಿಯುವ ಸಣ್ಣ ಕೊಳವೆಗಳಿರುತ್ತವೆ. ಹಲಸಿನ ಮರದ ಕೆಳಗೆ ನಿಲ್ಲುವ ಗಾಡಿಯಲ್ಲಿ ಅವು ದರಗಿನ (ಒಣಗಿದ ಎಲೆಯ) ಪುಡಿಯಿಂದ ಮುಚ್ಚಿ, ನೀರು ಮೇಲ್ಚಾವಣಿಯ ಬಟ್ಟೆಗೆ ಇಳಿಯುತ್ತದೆ.

ಹಳೆಯ ಗಾಡಿ ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಗಾಡಿ ಓಡಿದ ಕಿಲೋಮೀಟರಿಗಿಂತ ಅದು ಬಾಳಿದ ಊರು ಮುಖ್ಯ. ಉಡುಪಿಯ ಕೆಎ 20, ಮಂಗಳೂರಿನ ಕೆಎ 19 ಗಾಡಿಗಳು ಕಡಲ ಉಪ್ಪುಗಾಳಿ ಕುಡಿದಿರಬಹುದು. ಚಿತ್ರದುರ್ಗದ ಕೆಎ 16, ದಾವಣಗೆರೆಯ ಕೆಎ 17 ಗಾಡಿಗಳ ಅಡಿಭಾಗ ಸಾಮಾನ್ಯವಾಗಿ ಒಣಗಿ ಚೊಕ್ಕಟವಾಗಿರುತ್ತದೆ. ನಮ್ಮದೇ ಕೆಎ 14, ಕೆಎ 15 ಗಾಡಿಗಳಲ್ಲಿ ಶಿವಮೊಗ್ಗ, ಶಿಕಾರಿಪುರದ ಕಡೆ ಓಡಿದ್ದು ಒಂದು ಬಗೆ, ಹೊಸನಗರ ತಾಲ್ಲೂಕಿನ ಹುಲಿಕಲ್, ನಗರ, ನಿಟ್ಟೂರಿನಂಥ ಮಳೆಯೂರುಗಳ ಕಡೆ ಓಡಿದ್ದು ಇನ್ನೊಂದು ಬಗೆ. ನಂಬರ್ ಪ್ಲೇಟ್ ನೋಂದಣಿಯಾದ ಊರನ್ನಷ್ಟೇ ಹೇಳುವುದರಿಂದ, ಗಾಡಿ ಮಳೆಗಾಲದಲ್ಲಿ ಎಲ್ಲಿ ನಿಲ್ಲುತ್ತಿತ್ತು ಎಂದು ಮಾರುವವರನ್ನು ನೇರವಾಗಿ ಕೇಳಿ.

ನೋಡಲು ಬೆಳಗ್ಗೆ ಬೇಗ ಹೋಗಿ. ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ತಿಳಿಸಿರಿ. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಿಯೇ ಮುಂದುವರಿಯಿರಿ, ಏಕೆಂದರೆ ಸುಸ್ತಾದ ಬ್ಯಾಟರಿ, ಸವೆದ ಎಂಜಿನ್, ಕೆಟ್ಟ ಇಂಜೆಕ್ಟರ್ ಎಲ್ಲವೂ ತಣ್ಣಗಿನ ಸ್ಟಾರ್ಟಿನಲ್ಲೇ ಬಯಲಾಗುತ್ತವೆ. ಮುಂದಿನ ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ತುದಿಯವರೆಗೆ ನೋಡಿ. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಸೀಟು ತೊಳೆದರೂ ಬೆಲ್ಟಿನ ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿ ಅದರ ಗುಂಡಿಯನ್ನೂ, ಚಾಲಕರ ಕಾಲಡಿಯ ಕಾರ್ಪೆಟ್ ಎತ್ತಿ ಅದರ ಕೆಳಗಿನ ತಗಡನ್ನೂ ಮುಟ್ಟಿ ನೋಡಬೇಕು. ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಗಟ್ಟಿ ತಗಡು ಒಂದು ದನಿ ಕೊಡುತ್ತದೆ, ಪುಟ್ಟಿ ತುಂಬಿದ ಜಾಗ ಮಂಕಾದ ಇನ್ನೊಂದು ದನಿ ಕೊಡುತ್ತದೆ. ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ ಅಡಿಭಾಗವನ್ನು ಕಂಡರೆ ನನಗೆ ಅನುಮಾನ ಹೆಚ್ಚಾಗುತ್ತದೆ. ಕ್ಲಚ್ ನೋಡಲು ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರು ಹಾಕಿ ನಿಧಾನವಾಗಿ ಕ್ಲಚ್ ಬಿಡಿ. ಎಂಜಿನ್ ತಕ್ಷಣ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಸವೆದಿದೆ.

ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯನ್ನು ಓದಲು ಕಲಿಯಿರಿ. 3523 ಎಂದಿದ್ದರೆ ಅದು 2023ರ 35ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೆರೆ ಆಳವಾಗಿದ್ದರೂ ರಬ್ಬರು ಹಳತಾಗಿ ಗಡುಸಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಅದನ್ನು ನಂಬಲಾಗದು.

ಕಾಗದಪತ್ರಗಳ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಖಾಸಗಿ ಕಾರಿನ ಆರ್‌ಸಿ ನೋಂದಣಿಯಿಂದ 15 ವರ್ಷ ನಡೆಯುತ್ತದೆ. ಆಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಮಾರುವವರಿಂದ ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ, ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ನೆಂಟರ ಗಾಡಿಯೆಂದು ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಪಘಾತವಾದ ದಿನ ಇಬ್ಬರೂ ತೊಂದರೆಗೆ ಸಿಲುಕುತ್ತಾರೆ. ವಿಮೆಯೂ ಹೆಸರಿನ ಜೊತೆಗೇ ಬದಲಾಗಬೇಕು.

ರೋಹಿಣಿ ಮಳೆಗೆ ಮುನ್ನ

ಮಳೆಗಾಲದ ಕೆಲಸವನ್ನು ಮೇ ಕೊನೆಗೆ ಇಟ್ಟುಕೊಂಡರೆ ತಡವಾಯಿತೆಂದೇ ಅರ್ಥ. ತುಕ್ಕಿನ ಕೆಲಸ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲೇ ಆಗಬೇಕು. ಇದನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಹಿಂದೊಮ್ಮೆ ಜೂನ್ ಮೊದಲ ವಾರದಲ್ಲಿ ಒಂದು ಕಡೆ ಗಾಡಿಯ ಅಡಿಗೆ ಕೋಟಿಂಗ್ ಮಾಡಿಸಿದೆ. ತೊಳೆದು ಒಂದೇ ಗಂಟೆಯೊಳಗೆ, ತಗಡಿನ ಮಡಿಕೆಗಳಲ್ಲಿ ಇನ್ನೂ ನೀರಿರುವಾಗಲೇ, ಹಳೆಯ ತುಕ್ಕಿನ ಮೇಲೆಯೇ ದಪ್ಪನೆಯ ರಬ್ಬರಿನಂಥ ಪದರವನ್ನು ಹೊಡೆದುಕೊಟ್ಟರು. ಮೇಲಿಂದ ನೋಡಲು ಹೊಸದರಂತಿತ್ತು. ಎರಡು ವರ್ಷದ ನಂತರ ಸ್ಕ್ರೂಡ್ರೈವರ್ ತಾಗಿಸಿದಾಗ ಪದರ ಚರ್ಮದಂತೆ ಸುಲಿದು ಬಂತು, ಅದರ ಹಿಂದೆ ತಗಡೇ ಇರಲಿಲ್ಲ. ಸರಿಯಾದ ಕ್ರಮವೆಂದರೆ, ಒತ್ತಡದ ನೀರಿನಿಂದ ಮಣ್ಣು ಬಿಡಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕಿರುವಲ್ಲಿ ತಂತಿ ಬ್ರಷ್‌ನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಪ್ರೈಮರ್ ಬಳಿದು ಅದು ಒಣಗಿದ ಮೇಲೆ ಕೋಟಿಂಗ್ ಹೊಡೆಸುವುದು. ಬಾಗಿಲುಗಳ ಮತ್ತು ಕೆಳಪಟ್ಟಿಗಳ ಅಡಿಯಲ್ಲಿ ನೀರಿಳಿಯಲು ಬಿಟ್ಟಿರುವ ಸಣ್ಣ ರಂಧ್ರಗಳು ಕೋಟಿಂಗಿನಲ್ಲಿ ಮುಚ್ಚಿಹೋಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ಹಳೆಯ ಎಂಜಿನ್ ಆಯಿಲನ್ನು ಅಡಿಗೆ ಸಿಂಪಡಿಸುವ ರೂಢಿ ಹಿಂದಿನಿಂದ ಬಂದದ್ದು. ಆಯಿಲ್ ತಾಗಿದ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುವುದರಿಂದಲೂ, ತೊಟ್ಟಿಕ್ಕಿದ್ದು ನಮ್ಮದೇ ತೋಟದ ಕಾದಿಗೆಗೆ (ನೀರು ಹರಿಯುವ ಕಾಲುವೆ) ಹೋಗುವುದರಿಂದಲೂ ನಾನು ಅದನ್ನು ಬಿಟ್ಟಿದ್ದೇನೆ.

ಬಾನೆಟ್ ತೆರೆದು ಗಾಜಿನ ಬುಡದಲ್ಲಿ, ವೈಪರ್ ಕೂರುವ ಪ್ಲಾಸ್ಟಿಕ್ ಜಾಲರಿಯ ಕೆಳಗೆ ಕೈಹಾಕಿ ನೋಡಿ. ಮರದಡಿ ನಿಲ್ಲುವ ಗಾಡಿಯಲ್ಲಿ ಒಂದು ಬೊಗಸೆ ಕೊಳೆತ ಎಲೆಯಾದರೂ ಸಿಗುತ್ತದೆ. ಅಲ್ಲಿಂದ ನೀರು ಇಳಿದುಹೋಗುವ ದಾರಿ ಕಟ್ಟಿದರೆ ಅದು ಬ್ಲೋವರ್ ಮೂಲಕ ಗಾಡಿಯೊಳಗೆ ಬರುತ್ತದೆ. ಕಾಲಡಿಯ ಕಾರ್ಪೆಟ್ ಏಕೆ ಒದ್ದೆಯಾಗುತ್ತದೆಂದು ತಿಳಿಯದೆ ಬಾಗಿಲ ರಬ್ಬರುಗಳನ್ನೆಲ್ಲ ಬದಲಾಯಿಸಿದವರನ್ನು ನಾನು ಬಲ್ಲೆ. ವೈಪರ್ ರಬ್ಬರು ಪ್ರತಿವರ್ಷ ಹೊಸದಾಗಬೇಕು. ಟೈರಿನ ಗೆರೆ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾನೂನು ಬಿಡುತ್ತದೆ. ನಮ್ಮ ಮಳೆಗೆ 3 ಮಿಲಿಮೀಟರಿಗಿಂತ ಕಡಿಮೆಯಾದ ಟೈರು ಸಾಲದು ಎಂಬುದು ನನ್ನ ಅನುಭವ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಸ್ವಭಾವ. ನಮ್ಮಲ್ಲಿ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಹೊಸದಾದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬ ಮಾನದಂಡವಿದೆ. ನೀರು ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಘಟ್ಟ ಇಳಿಯುವಾಗ ಡಿಸ್ಕಿನ ಬಿಸಿಗೆ ಆಯಿಲ್ ಕುದಿದು ಆವಿಯಾದರೆ, ಆವಿ ಒತ್ತಿದಷ್ಟೂ ಅದುಮಿಕೊಳ್ಳುವುದರಿಂದ ಪೆಡಲ್ ನೆಲಕ್ಕೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ.

ಇಲಿಗಳ ಕಾಟ ಮಳೆಗಾಲದಲ್ಲಿ ಹೆಚ್ಚು. ಬೆಚ್ಚಗಿನ ಜಾಗ ಹುಡುಕಿಕೊಂಡು ಎಂಜಿನ್ನಿನ ಮೇಲೇರಿ ವೈರುಗಳನ್ನು ಕಡಿಯುತ್ತವೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲವನ್ನೂ ನಾನು ಪ್ರಯತ್ನಿಸಿದ್ದೇನೆ. ವಾರದೊಳಗೆ ಅವು ಒಗ್ಗಿಕೊಳ್ಳುತ್ತವೆ. ಸುಲಿದ ಅಡಿಕೆ, ಭತ್ತದ ಚೀಲ ಇರುವ ಕಡೆಯಿಂದ ಗಾಡಿಯನ್ನು ದೂರ ನಿಲ್ಲಿಸಿ, ರಾತ್ರಿ ಬಾನೆಟ್ ತೆರೆದು ಒಂದು ಸಣ್ಣ ದೀಪ ಉರಿಸಿಟ್ಟದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ಒಳಗೆ ನೋಡುವುದು ಒಳ್ಳೆಯದು. ಹಾವು ಬೆಚ್ಚಗೆ ಮಲಗಿದ್ದ ಸಂದರ್ಭಗಳೂ ಇವೆ.

ಗಾಡಿ ನಾಲ್ಕೈದು ದಿನ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಒದ್ದೆ ಹವೆಯಲ್ಲಿ ಹಿಂದಿನ ಡ್ರಮ್ಮಿನೊಳಗೆ ತುಕ್ಕು ಹಿಡಿದು ಲೈನರ್ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಸೀಟಿಗೆ ಬೂಷ್ಟು ಹಿಡಿಯದಂತೆ, ಓಡಿಸುವಾಗ ಚಳಿಯಿದ್ದರೂ ಎ.ಸಿ. ಹಾಕಿ ಗಾಳಿಯನ್ನು ಬಿಸಿಯ ಕಡೆಗೆ ತಿರುಗಿಸಿಕೊಳ್ಳಿ, ಎ.ಸಿ. ಗಾಳಿಯಲ್ಲಿರುವ ನೀರನ್ನು ತೆಗೆಯುವುದರಿಂದ ಗಾಜಿನ ಮಂಜೂ ಹೋಗುತ್ತದೆ, ಒಳಗಿನ ತೇವವೂ ಆರುತ್ತದೆ.

ಘಟ್ಟ ಮತ್ತು ನೀರು

ಆಗುಂಬೆ ಘಾಟಿಯ 14 ತಿರುವುಗಳನ್ನು ನಾನು ಮೊದಲ ಬಾರಿ ಇಳಿಸುವಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಹತ್ತೋ ಗೇರಲ್ಲೇ ಇಳಿಸು ಮಾರಾಯ, ಬ್ರೇಕ್ ಇರೋದು ನಿಲ್ಸೋದಕ್ಕೆ" ಎಂದಿದ್ದರು. ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನೇ ವೇಗವನ್ನು ಹಿಡಿದಿಡುವಾಗ ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ದೃಢವಾಗಿ ಒತ್ತಿ ಬಿಡಬೇಕು. ಉದ್ದಕ್ಕೂ ಹಗುರವಾಗಿ ಒತ್ತಿಕೊಂಡೇ ಬಂದರೆ ಡಿಸ್ಕಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರು ಈಗಲೂ ಇದ್ದಾರೆ. ಗೇರಿನಲ್ಲಿ ಇಳಿಯುವಾಗ ಇಂದಿನ ಎಂಜಿನ್ನುಗಳು ಇಂಧನವನ್ನು ತಾವೇ ಪೂರ್ತಿ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿಯೇ ಉರಿಯುತ್ತಿರಲು ಇಂಧನ ಬೇಕಾಗುತ್ತದೆ. ಕೀ ತಿರುಗಿಸಿ ಎಂಜಿನ್ ಆರಿಸಿದರಂತೂ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಬರಿದಾಗಿ ಪೆಡಲ್ ಕಲ್ಲಿನಂತಾಗುತ್ತದೆ.

ಅಗಲವಿಲ್ಲದ ಘಟ್ಟದ ರಸ್ತೆಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಹುಲಿಕಲ್, ಕೊಲ್ಲೂರು, ಆಗುಂಬೆ ಮೂರೂ ಘಾಟಿಗಳಲ್ಲಿ ಪ್ರವಾಸಿಗರ ಗಾಡಿಗಳು ಹೆಚ್ಚಾದ ಮೇಲೆ ಈ ನಡವಳಿಕೆ ಕಡಿಮೆಯಾಗುತ್ತಿರುವುದು ನೋವಿನ ಸಂಗತಿ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಹೊಡೆಯುತ್ತದೆ. ಲೋಬೀಮ್ ಇಟ್ಟು ಎಡ ಅಂಚಿನ ಬಿಳಿ ಗೆರೆಯನ್ನು ನೋಡಿಕೊಂಡು ಹೋಗಬೇಕು. ಭಾರೀ ಮಳೆಯ ದಿನ ಧರೆಯ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣುಗೋಡೆಯ, ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡು ಮಳೆ ಬಿಡಲೆಂದು ಕಾಯಬೇಡಿ.

ಮೋರಿ, ಸೇತುವೆಗಳ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ಹಿಂದಕ್ಕೆ ತಿರುಗಿಸುವುದೊಂದೇ ದಾರಿ. ಅಡಿಯಲ್ಲಿ ರಸ್ತೆ ಉಳಿದಿದೆಯೇ ಎಂದು ಯಾರಿಂದಲೂ ಹೇಳಲಾಗದು. ನಿಂತ ನೀರಿನಲ್ಲಿ ಗಾಡಿ ಬಂದ್ ಆದರೆ ಯಾವ ಕಾರಣಕ್ಕೂ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ, ಪಿಸ್ಟನ್ನಿನ ಒತ್ತಡಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಹೊರಗೆ ತಂದು ಟೋ ಮಾಡಿಸಿದರೆ ಆಯಿಲ್ ಬದಲಾಯಿಸಿ ಒಣಗಿಸುವ ಖರ್ಚಿನಲ್ಲಿ ಮುಗಿಯಬಹುದಾದದ್ದು, ಒಂದು ಬಾರಿ ಕೀ ತಿರುಗಿಸಿದ್ದರಿಂದ ಇಡೀ ಎಂಜಿನ್ ಇಳಿಸುವ ಖರ್ಚಾಗುತ್ತದೆ. ಸಾಮಾನ್ಯ ವಿಮೆ ಈ ನಷ್ಟವನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆಯನ್ನು ಮಲೆನಾಡಿನವರು ತೆಗೆದುಕೊಂಡಿರಬೇಕು. ಅದರ ಷರತ್ತುಗಳನ್ನೂ ಓದಿರಬೇಕು.

ಗ್ಯಾರೇಜಿನ ನಂಟು

ಗಾಡಿ ಆರಿಸುವ ಮೊದಲು ನಿಮ್ಮೂರಿಗೆ ಹತ್ತಿರದ ಮೆಕ್ಯಾನಿಕರನ್ನು ಹೋಗಿ ಕೇಳಿ: ಯಾವ ಗಾಡಿಯನ್ನು ಅವರು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲರು, ಯಾವುದರ ಸಾಮಾನು ಅದೇ ದಿನ ಬಸ್ಸಿನಲ್ಲಿ ಶಿವಮೊಗ್ಗದಿಂದ ಬರುತ್ತದೆ? ಈ ಎರಡು ಪ್ರಶ್ನೆಗಳ ಉತ್ತರಕ್ಕೆ ನಾನು ಮೈಲೇಜಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ವಾರಂಟಿ ಮುಗಿಯುವವರೆಗೆ ಕಂಪನಿಯ ಸರ್ವಿಸ್ ಸೆಂಟರ್ ಬಿಡಬೇಡಿ. ಆಮೇಲೆ ದಿನನಿತ್ಯದ ಕೆಲಸಕ್ಕೆ ಊರಿನ ಗ್ಯಾರೇಜು, ಟಿಂಕರಿಂಗ್, ರೇಡಿಯೇಟರ್, ಆಟೋ ಎಲೆಕ್ಟ್ರಿಕಲ್‌ನಂಥ ಬಿಡಿ ಕೆಲಸಗಳಿಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಎಂದು ಹಂಚಿಕೊಂಡರೆ ಅನುಕೂಲ.

"ಏನೋ ಸೌಂಡ್ ಬರುತ್ತೆ" ಎಂದು ಹೇಳಿ ಗಾಡಿ ಬಿಟ್ಟುಬಂದರೆ ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಾಗುತ್ತಾ ಹೋಗುತ್ತದೆ. ಮೆಕ್ಯಾನಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಬರುವ ದಾರಿಯಲ್ಲೇ ಓಡಿಸಿ ಕೇಳಿಸಬೇಕು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಆಕ್ಸಲ್ ಜಾಯಿಂಟ್ ಸವೆದಿರಬಹುದು. ಅದರ ಮೇಲಿನ ರಬ್ಬರ್ ಬೂಟು ಹರಿದು ಕೆಸರು ಒಳಸೇರುವುದೇ ಇದಕ್ಕೆ ಮುಖ್ಯ ಕಾರಣ, ಸಕಾಲಕ್ಕೆ ಬೂಟು ಬದಲಾಯಿಸಿದರೆ ಜಾಯಿಂಟ್ ಉಳಿಯುತ್ತದೆ. ವೇಗದ ಜೊತೆಗೆ ಏರುವ ಗುಂಯ್ ಎಂಬ ದನಿ ಚಕ್ರದ ಬೇರಿಂಗಿನದು. ಸಣ್ಣ ಹೊಂಡಗಳಲ್ಲಿ ಮಾತ್ರ ಲೊಟಲೊಟ ಎನ್ನುವುದು ಹೆಚ್ಚಾಗಿ ಲಿಂಕ್ ರಾಡ್ ಅಥವಾ ಬುಷ್; ಇದು ದುಬಾರಿಯ ಕೆಲಸವಲ್ಲ, ಇದಕ್ಕೆಂದು ಶಾಕ್ ಅಬ್ಸಾರ್ಬರ್ ಬದಲಾಯಿಸಲು ಒಪ್ಪಬೇಡಿ. ಮಳೆಯ ಮರುದಿನ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಬರುವ ಕಿರಕಿರ ಸದ್ದು ಡಿಸ್ಕಿನ ಮೇಲಿನ ತೆಳು ತುಕ್ಕಿನದು, ತಾನಾಗಿ ಹೋಗುತ್ತದೆ.

ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್, ಸ್ಟೇರಿಂಗಿನ ಭಾಗಗಳಲ್ಲಿ ಕಂಪನಿಯ ಮಾಲನ್ನೇ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಲಾಭಕರ, ಏಕೆಂದರೆ ಒಂದಕ್ಕಾದರೂ ಮೂರಕ್ಕಾದರೂ ಕೂಲಿ ಒಂದೇ. ಬದಲಾಯಿಸಿದ ಹಳೆಯ ಭಾಗವನ್ನು ವಾಪಸು ಕೇಳಿ. ಅನುಮಾನದಿಂದಲ್ಲ, ಅದು ಹೇಗೆ ಸವೆದಿದೆ ಎಂದು ನೋಡಿದರೆ ನೀವು ಗಾಡಿ ಓಡಿಸುವ ರೀತಿ ನಿಮಗೇ ತಿಳಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಕೊಟ್ಟ ಹಣ ಬರೆದಿಡಿ. ಮೆಕ್ಯಾನಿಕರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಮತ್ತು ಸಾಲ ಉಳಿಸಬೇಡಿ. ಆಷಾಢದ ರಾತ್ರಿ ಒಂಬತ್ತು ಗಂಟೆಗೆ ಕಾಡಿನ ನಡುವೆ ಗಾಡಿ ನಿಂತಾಗ ಮಳೆಯಲ್ಲಿ ಬೈಕ್ ಹತ್ತಿಕೊಂಡು ಬರುವವರು ಅವರೇ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಆಯುಧಪೂಜೆ ಬರುತ್ತದೆ, ಎಲ್ಲರೂ ಗಾಡಿ ತೊಳೆಯುತ್ತಾರೆ. ಆ ದಿನ ಮೇಲ್ಮೈಗೆ ಶಾಂಪೂ ಹಚ್ಚುವ ಮೊದಲು ಚಕ್ರದ ಗೂಡುಗಳ ಮೂಲೆಗೆ ಕೈಹಾಕಿ, ನಾಲ್ಕು ತಿಂಗಳಿನಿಂದ ಅಂಟಿ ಕುಳಿತಿರುವ ಕೆಂಪು ಮಣ್ಣನ್ನು ಕೆರೆದು ತೆಗೆಯಿರಿ. ಬಾಗಿಲಿನ ಅಡಿಯ ರಂಧ್ರಗಳನ್ನು ಪೊರಕೆಕಡ್ಡಿಯಿಂದ ಬಿಡಿಸಿ ನೀರು ಇಳಿಯುವುದೇ ಎಂದು ನೋಡಿ. ಕಾರ್ಪೆಟ್, ಮ್ಯಾಟು, ಸ್ಟೆಪ್ನಿ, ಜಾಕ್ ಎಲ್ಲವನ್ನೂ ಹೊರಗೆ ತೆಗೆದು, ನಾಲ್ಕು ಬಾಗಿಲನ್ನೂ ಡಿಕ್ಕಿಯನ್ನೂ ತೆರೆದಿಟ್ಟು, ಸಂಜೆಯವರೆಗೆ ಅಂಗಳದ ಬಿಸಿಲಿಗೆ ಬಿಡಿ. ಹೂವು, ಕುಂಕುಮ, ನಿಂಬೆಹಣ್ಣು ಅದಾದ ಮೇಲೆ.